ರೇಷ್ಮೆಗೆ ಡ್ರೈ ಕ್ಲೀನಾ, ಮನೆ ನೀರಾ?

ದಾವಣಗೆರೆಯಲ್ಲಿ ಮದುವೆ ಸೀಸನ್ ಮುಗಿದರೆ ನಮ್ಮ ಮನೆಯಲ್ಲಿ ಇದೇ ಪ್ರಶ್ನೆ.

ಜರಿ ಅಂಚಿನ ಮೊಳಕಾಲ್ಮೂರು ಸೀರೆಗೆ ಡ್ರೈ ಕ್ಲೀನೇ ಸರಿ. ನೀರು ಬಿದ್ದರೆ ಅಂಚಿನ ಬಣ್ಣ ಒಡಲಿಗೆ ಹತ್ತಬಹುದು, ಜರಿಯೂ ಮುದುಡಬಹುದು. ಹಾಗಂತ ಉಟ್ಟಾಗಲೆಲ್ಲ ಕೊಡಬೇಡಿ, ಖರ್ಚು ಜಾಸ್ತಿ. ಕಲೆ ಇಲ್ಲದಿದ್ದರೆ ನೆರಳಲ್ಲಿ ಗಾಳಿಗೆ ಹರವಿದರೆ ಸಾಕು.

ರೇಷ್ಮೆ ದಿಂಬಿನ ಕವರ್ ವಿಷಯ ಬೇರೆ. ತಲೆ ಎಣ್ಣೆ, ಬೆವರು ದಿನಾ ಹತ್ತುತ್ತದೆ, ಅಲ್ವಾ? ವಾರಕ್ಕೊಮ್ಮೆ ಮನೆಯಲ್ಲೇ ತೊಳೆಯಿರಿ. ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೋಟೀನ್. ಸೋಪಿನ ಪುಡಿಯ ಕ್ಷಾರ ಅದರ ಹೊಳಪನ್ನೇ ತಿನ್ನುತ್ತದೆ. ಸೌಮ್ಯವಾದ ಶಾಂಪೂ, 30 ಡಿಗ್ರಿ ಮೀರದ ನೀರು, ಐದು ನಿಮಿಷ, ಅಷ್ಟೇ. ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ.

ಸೀರೆ ಎತ್ತಿಡಲು ಪ್ಲಾಸ್ಟಿಕ್ ಕವರಾ, ಹಳೇ ಪಂಚೆಯಾ? ಯೋಚನೆಯೇ ಬೇಡ, ಪಂಚೆ. ಪ್ಲಾಸ್ಟಿಕ್‌ನಲ್ಲಿ ತೇವ ಕೂತು ಜರಿ ಕಪ್ಪಾಗುತ್ತದೆ. ಅಮ್ಮನ ಧಾರೆ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದೆವು. ಬಿಚ್ಚಿದಾಗ ಮಡಿಕೆಯ ಗೆರೆಯುದ್ದಕ್ಕೂ ಸೀಳಿತ್ತು. ಈಗ ಮೂರು ತಿಂಗಳಿಗೊಮ್ಮೆ ಎಲ್ಲ ಸೀರೆಗಳ ಮಡಿಕೆ ಬದಲಿಸುತ್ತೇನೆ.