ಪೆಟ್ಟಿಗೆಯ ಮೇಲೆ ನಾಲ್ಕು ಗಂಟೆ ಎಂದಿತ್ತು

ವಿಂಚ್ ಬಂಪರ್ ಬಂದ ಪೆಟ್ಟಿಗೆಯ ಮೇಲೆ "ಜೋಡಿಸಲು 4 ಗಂಟೆ ಸಾಕು" ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ವಿಂಚ್ ಅಂದರೆ ಹೂತುಕೊಂಡ ಗಾಡಿಯನ್ನು ಹಗ್ಗ ಸುತ್ತಿಕೊಂಡು ಎಳೆಯುವ ಮೋಟರ್, ಅದನ್ನು ಒಳಗೆ ಕೂರಿಸುವ ಉಕ್ಕಿನ ಬಂಪರ್ ಇದು. ನನಗೂ ಮಾವನಿಗೂ ಎರಡು ಶನಿವಾರ, ಎರಡು ಭಾನುವಾರ ಹಿಡಿಯಿತು. ಕೊನೆಯ ಬೋಲ್ಟ್ ಬಿಗಿ ಮಾಡಿ ಗಾಡಿ ಅಡಿಯಿಂದ ಹೊರಗೆ ಬಂದಾಗ ನನ್ನ ಎರಡೂ ಮೊಣಕೈ ತರಚಿ ಹೋಗಿತ್ತು. ಅದಾಗಿ ಆರು ತಿಂಗಳಾಯಿತು. ಸಿಟ್ಟು ಇಳಿದಿದೆ, ಬಂಪರ್ ಕೆಸರನ್ನೂ ಕಂಡಿದೆ. ಈಗ ಬರೆದರೆ ನ್ಯಾಯವಾಗಿ ಬರೆಯಬಹುದು ಅನಿಸಿತು.

ಕಂಪನಿಯ ಹೆಸರು ಹೇಳುವುದಿಲ್ಲ. ಇಂಥ ಬಂಪರ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಪಟ್ಟ ಪಾಡಿನಲ್ಲಿ ಅರ್ಧ ನನ್ನದೇ ಅವಸರದ ಫಲ.

ನನ್ನದು ಲ್ಯಾಡರ್ ಫ್ರೇಮ್ (ಏಣಿಯಾಕಾರದ ಉಕ್ಕಿನ ಚಾಸಿ) ಇರುವ ಡೀಸೆಲ್ ಫೋರ್ ಬೈ ಫೋರ್. ಜನ, ಸಾಮಾನು ಎಲ್ಲ ತುಂಬಿದರೆ ಗರಿಷ್ಠ ತೂಕ 2500 ಕೆಜಿ. ವಿಂಚ್ ಆರಿಸಲು ಎಲ್ಲರೂ ಹೇಳುವ ಲೆಕ್ಕ ಒಂದಿದೆ. ಗಾಡಿಯ ಗರಿಷ್ಠ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಇರಬೇಕು. ನನಗೆ 3750 ಕೆಜಿ ಆಯಿತು. ವಿಂಚನ್ನು ಪೌಂಡ್ ಲೆಕ್ಕದಲ್ಲಿ ಮಾರುತ್ತಾರೆ. 9500 ಪೌಂಡ್ ಎಂದರೆ ಸುಮಾರು 4300 ಕೆಜಿ. ಅದನ್ನೇ ತಂದೆ, ಸಿಂಥೆಟಿಕ್ ಹಗ್ಗದ್ದು. ಉಕ್ಕಿನ ಹಗ್ಗದ್ದಾದರೆ ಆರೇಳು ಕೆಜಿ ಜಾಸ್ತಿ. ಅದು ತುಂಡಾದಾಗ ಚಾಟಿ ಬೀಸಿದ ಹಾಗೆ ಬರುತ್ತದೆ ಎಂಬ ಭಯವೂ ಇತ್ತು.

ತೂಕದ ವಿಷಯಕ್ಕೆ ಬಂದೆನಲ್ಲ, ಅದನ್ನು ಪೂರ್ತಿ ಹೇಳಿಬಿಡುತ್ತೇನೆ. ಅಂಗಡಿಯವರು ಇದನ್ನು ಹೇಳುವುದೇ ಇಲ್ಲ. ಬಂಪರ್ 48 ಕೆಜಿ, ವಿಂಚ್ 28 ಕೆಜಿ. ಬಿಚ್ಚಿ ತೆಗೆದ ಹಳೆಯ ಬಂಪರ್ 10 ಕೆಜಿ. ಹಾಗಾದರೆ ಮುಂದೆ ಕೂತದ್ದು 66 ಕೆಜಿ ಅಂದುಕೊಳ್ಳುತ್ತೇವೆ. ಆದರೆ ಈ ಭಾರ ಮುಂದಿನ ಆಕ್ಸಲ್ ಮೇಲೆ ಕೂರುವುದಿಲ್ಲ. ಅದಕ್ಕಿಂತ 80 ಸೆಂಟಿಮೀಟರ್ ಮುಂದೆ ನೇತಾಡುತ್ತದೆ. ಎರಡು ಆಕ್ಸಲ್ ನಡುವೆ 2.4 ಮೀಟರ್. ಸನ್ನೆಗೋಲಿನ ಲೆಕ್ಕ ಹಾಕಿದರೆ ಮುಂದಿನ ಚಕ್ರಗಳಿಗೆ 88 ಕೆಜಿ ಹೆಚ್ಚಾಗುತ್ತದೆ, ಹಿಂದಿನ ಚಕ್ರಗಳಿಂದ 22 ಕೆಜಿ ಕಡಿಮೆಯಾಗುತ್ತದೆ. ನನ್ನ ಗಾಡಿಯ ಮೂತಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ತಗ್ಗಿತು. ರಾತ್ರಿ ಹೆಡ್‌ಲೈಟ್ ಹತ್ತು ಮಾರು ದೂರದ ನೆಲ ನೋಡುತ್ತಿತ್ತು. ಹೆಡ್‌ಲೈಟನ್ನು ತಿರುಗಿಸಿ ಎತ್ತಿದೆ. ಆದರೆ ಬ್ರೇಕ್ ಹಾಕಿದಾಗ ಮೂತಿ ಮುಗ್ಗರಿಸುವುದು ಹೋಗಲಿಲ್ಲ. ಎರಡು ತಿಂಗಳ ನಂತರ ಭಾರ ತಡೆಯುವ ಸ್ಪ್ರಿಂಗ್ ಹಾಕಿಸಿದ ಮೇಲೆಯೇ ಸರಿಹೋಯಿತು. ಬಂಪರ್ ಕೊಳ್ಳುವ ದಿನವೇ ಸ್ಪ್ರಿಂಗಿನ ಖರ್ಚನ್ನೂ ಸೇರಿಸಿ ಯೋಚಿಸಿ.

ಹಳೆಯ ಬಂಪರ್ ಬಿಚ್ಚುವುದು ಮಕ್ಕಳಾಟ. ಮೂರು ಕ್ಲಿಪ್ ಮುರಿದವು, ಅಷ್ಟೆ. ಫಾಗ್ ಲ್ಯಾಂಪಿನ ಸಾಕೆಟ್ ಮೊದಲು ಬಿಡಿಸಿಕೊಳ್ಳಿ.

ಮಾವ ಅಂದರೆ ನನ್ನ ಸೋದರಮಾವ. ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಯಾವುದೇ ವಸ್ತುವನ್ನು ನಂಬುವ ಮೊದಲು ಅಳತೆ ಟೇಪ್ ತೆಗೆಯುತ್ತಾರೆ. ಹೊಸ ಬಂಪರನ್ನು ಹಲಗೆ ಇಟ್ಟ ಜಾಕ್ ಮೇಲೆ ಕೂರಿಸಿ ಎತ್ತಿದೆವು. ಬಲಗಡೆಯ ಬೋಲ್ಟ್‌ಗಳು ಬೆಣ್ಣೆಯಲ್ಲಿ ಕೂದಲು ಹೋದ ಹಾಗೆ ಹೋದವು. ಎಡಗಡೆ ಒಂದು ತೂತು ಸೇರಲೇ ಇಲ್ಲ. ನಾನು ಸುತ್ತಿಗೆ ಹುಡುಕಲು ಹೊರಟೆ.

"ನೋಡಮ್ಮ, ತೂತು ತಪ್ಪಿದಾಗ ಸುತ್ತಿಗೆ ಹಿಡೀಬೇಡ. ಯಾರು ತಪ್ಪಿದ್ದಾರೆ ಅಂತ ಮೊದಲು ಕೇಳು" ಅಂದರು.

ಮೂಲೆಯಿಂದ ಮೂಲೆಗೆ ಅಳೆದರು. ಚಾಸಿ ನೆಟ್ಟಗೆ ಇತ್ತು. ಬಂಪರಿನ ಎಡ ಬ್ರಾಕೆಟ್ ವೆಲ್ಡಿಂಗ್ ಮಾಡುವಾಗ ಬಿಸಿಗೆ ಎಳೆದುಕೊಂಡು 3 ಮಿಲಿಮೀಟರ್ ಓರೆಯಾಗಿತ್ತು. ಕಂಪನಿಗೆ ಫೋಟೋ ಕಳಿಸಿದೆ. ತಪ್ಪು ಒಪ್ಪಿಕೊಂಡರು, ಹತ್ತು ದಿನದಲ್ಲಿ ಬೇರೆ ಬ್ರಾಕೆಟ್ ಕಳಿಸುತ್ತೇವೆ ಅಂದರು. ಬ್ರಾಕೆಟ್ ಬಂಪರಿಗೇ ಬೆಸೆದುಕೊಂಡಿರುವಾಗ ಬೇರೆ ಬ್ರಾಕೆಟ್ ತಂದು ಏನು ಮಾಡಲಿ? ಮಾವ ದುಂಡು ಅರ ಹಿಡಿದು ಕೂತರು. 8 ಮಿಲಿಮೀಟರ್ ದಪ್ಪದ ಪ್ಲೇಟಿನಲ್ಲಿ ತೂತನ್ನು ಉದ್ದುದ್ದ ಮಾಡಲು ಒಂದೂವರೆ ಗಂಟೆ ಬೇಕಾಯಿತು. ಉಜ್ಜಿದ ಜಾಗಕ್ಕೆ ಜಿಂಕ್ ಪ್ರೈಮರ್ ಬಳಿದು, ದಪ್ಪ ವಾಷರ್ ಹಾಕಿ ಬಿಗಿದೆವು. ಆ ತೂತುಗಳನ್ನು ಮೊದಲೇ ಉದ್ದುದ್ದ ಕೊರೆದಿದ್ದರೆ ಯಾರಿಗೂ ಈ ಕಷ್ಟ ಇರುತ್ತಿರಲಿಲ್ಲ. ಒಳ್ಳೆಯ ಬಂಪರ್‌ಗಳಲ್ಲಿ ಹಾಗೇ ಇರುತ್ತದೆ.

ನಿಜವಾದ ಗೋಳು ವಿಂಚ್ ಕೂರಿಸುವಾಗ ಶುರುವಾಯಿತು.

ಸೂಚನೆಯ ಕಾಗದದಲ್ಲಿ 9ನೇ ಹಂತ: "ವಿಂಚನ್ನು ಜೋಡಿಸಿ." ಅಷ್ಟೇ, ಎರಡು ಪದ. 8ನೇ ಹಂತದಲ್ಲಿ ಬಂಪರನ್ನು ಚಾಸಿಗೆ ಬಿಗಿದಾಗಿದೆ. ನಾವೂ ಬಿಗಿದಿದ್ದೆವು, ಟಾರ್ಕ್ ರೆಂಚ್ ಹಿಡಿದು, ಬಾನೆಟ್ ಜೊತೆ ಸಂದು ಸರಿಯಾಗಿ ಬರಲೆಂದು ಅರ್ಧ ಗಂಟೆ ಅತ್ತಿತ್ತ ಸರಿಸಿ. ವಿಂಚ್ ಕಾಲುಗಳ ನಾಲ್ಕು ಬೋಲ್ಟ್‌ಗಳ ಅಳತೆ ಈ ಗಾತ್ರದ ವಿಂಚ್‌ಗಳಲ್ಲಿ ಹೆಚ್ಚು ಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ, 10 ಇಂಚು ಅಗಲ, 4.5 ಇಂಚು ಉದ್ದ. ಅದು ಸರಿಯಾಗಿ ಕೂತಿತು. ಮುಂದಿನ ಎರಡು ಬೋಲ್ಟ್ ಹಾಕಿದೆವು. ಹಿಂದಿನ ಎರಡಕ್ಕೆ ಕೈ ಹಾಕಿದರೆ ಚಾಸಿಯ ಅಡ್ಡಪಟ್ಟಿ ಅಡ್ಡ ಬಂತು. ಎರಡು ಬೆರಳು ಹೋಗುತ್ತದೆ, ಸ್ಪಾನರ್ ಹೋಗುವುದಿಲ್ಲ. ಚಿಕ್ಕ ಸ್ಪಾನರ್, ಬಗ್ಗಿದ ಸ್ಪಾನರ್, ಮಾವನ ಹಳೆ ಪೆಟ್ಟಿಗೆಯಿಂದ ತೆಗೆದ ಅರ್ಧ ಕತ್ತರಿಸಿದ ಸ್ಪಾನರ್, ಯಾವುದೂ ಹೋಗಲಿಲ್ಲ.

ಎಲ್ಲವನ್ನೂ ಮತ್ತೆ ಇಳಿಸಿದೆವು. ಮೊದಲ ವಾರಾಂತ್ಯ ಅಲ್ಲಿಗೆ ಮುಗಿಯಿತು.

ಮುಂದಿನ ಶನಿವಾರ ಬಂಪರ್ ನೆಲದ ಮೇಲಿರುವಾಗಲೇ ವಿಂಚನ್ನು ಒಳಗೆ ಕೂರಿಸಿದೆವು. ಎಲ್ಲ ಬೋಲ್ಟ್‌ಗಳೂ ಸಲೀಸು. ಇನ್ನೇನು ಎತ್ತಬೇಕು, ಮಾವ ಸುಮ್ನೆ ಒಂದು ಸಲ ಬಂಪರಿನ ಸಂದಿಯಲ್ಲಿ ಕೈ ತೂರಿಸಿದರು. "ಹಗ್ಗ ಬಿಡಿಸೋ ಹಿಡಿ ಎಲ್ಲಿದೆಯಮ್ಮ?"

ಆ ಹಿಡಿ ಏನೆಂದು ಗೊತ್ತಿಲ್ಲದವರಿಗೆ: ವಿಂಚಿನ ಒಂದು ತುದಿಯಲ್ಲಿ ಕ್ಲಚ್ ಹಿಡಿ ಇರುತ್ತದೆ. ಅದನ್ನು ತಿರುಗಿಸಿದರೆ ಗೇರ್ ಬಿಡಿಸಿಕೊಂಡು ಹಗ್ಗ ಸುತ್ತಿರುವ ಡ್ರಮ್ ಸಡಿಲವಾಗುತ್ತದೆ, ಹಗ್ಗವನ್ನು ಕೈಯಲ್ಲೇ ಎಳೆದುಕೊಂಡು ಮರದವರೆಗೆ ಹೋಗಬಹುದು. ಹಿಡಿ ಸಿಗದಿದ್ದರೆ ಮೋಟರ್ ಓಡಿಸಿಯೇ ಹಗ್ಗ ಬಿಡಬೇಕು. ಅದು ಆಮೆ ನಡಿಗೆ, ಬ್ಯಾಟರಿಯೂ ಸುಮ್ಮನೆ ಸೊರಗುತ್ತದೆ. ನಮ್ಮ ವಿಂಚಿನ ಹಿಡಿ ಬಂಪರಿನ ಮೇಲಿನ ಪ್ಲೇಟಿಗೆ ಅಂಟಿಕೊಂಡ ಹಾಗೆ ಕೂತಿತ್ತು. ತಿರುಗಿಸಲು ಜಾಗವೇ ಇಲ್ಲ. ಬಂಪರಿನಲ್ಲಿ ಹಿಡಿಗೆಂದೇ ಚಂದದ ಕಿಟಕಿ ಕೊರೆದಿದ್ದಾರೆ. ಆದರೆ ಅದಿರುವುದು ಮುಂಭಾಗದಲ್ಲಿ, ನಮ್ಮ ಹಿಡಿ ಆಕಾಶ ನೋಡುತ್ತಿದೆ.

ಇದಕ್ಕೆ ಪರಿಹಾರ ಇದೆ, ಹೆದರಬೇಡಿ. ಗೇರ್ ಬಾಕ್ಸಿನ ತುದಿಯನ್ನು ಸುತ್ತಲೂ ಬೋಲ್ಟ್ ಹಾಕಿ ಹಿಡಿದಿರುತ್ತಾರೆ. ನನ್ನದರಲ್ಲಿ 10 ಬೋಲ್ಟ್. ಬಿಚ್ಚಿ ಒಂದು ತೂತಿನಷ್ಟು ತಿರುಗಿಸಿದರೆ 36 ಡಿಗ್ರಿ ತಿರುಗುತ್ತದೆ. ನಾವು ಎರಡು ತೂತು ತಿರುಗಿಸಿದೆವು, ಹಿಡಿ ಕಿಟಕಿಯ ಎದುರು ಬಂತು. ಗ್ಯಾಸ್ಕೆಟ್ ಹರಿಯದ ಹಾಗೆ, ಗ್ರೀಸಿಗೆ ಮರಳು ತಾಗದ ಹಾಗೆ ನೋಡಿಕೊಂಡರೆ ಸಾಕು. ವಿಂಚಿನ ಪುಸ್ತಕದಲ್ಲಿ ಇದನ್ನು ಚಿತ್ರ ಹಾಕಿ ವಿವರಿಸಿದ್ದಾರೆ. ಬಂಪರಿನ ಕಾಗದದಲ್ಲಿ ಒಂದು ಅಕ್ಷರ ಇಲ್ಲ. ಮಾವ ಆ ಹೊತ್ತು ಕೈ ತೂರಿಸದಿದ್ದರೆ ಇನ್ನೊಂದು ಸಲ ಇಳಿಸಬೇಕಿತ್ತು. ಇಲ್ಲವೇ ಮೊದಲ ಸಲ ಹೂತುಕೊಂಡ ದಿನ ಮಂಡಿಯುದ್ದ ಕೆಸರಿನಲ್ಲಿ ನಿಂತು ಗೊತ್ತಾಗುತ್ತಿತ್ತು.

ಹೀಗಾಗಿ ನನ್ನ ಪ್ರಕಾರ ವಿಂಚ್ ಬಂಪರ್ ಆರಿಸುವಾಗ ಪ್ಲೇಟಿನ ದಪ್ಪ ಎರಡನೇ ಮಾತು. ಅಂಗಡಿಯಲ್ಲಿ ಕೂರಿಸಿಟ್ಟ ಮಾದರಿ ಇದ್ದರೆ ಕೈಗವಸು ಹಾಕಿಕೊಂಡು ಆ ಹಿಡಿ ತಿರುಗಿಸಿ ನೋಡಿ. ಕೆಸರಾದ ಕೈಗವಸಿನ ಕೈಗೆ ಅದು ಸಿಗಬೇಕು. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ವೈರಿಂಗ್ ಬಗ್ಗೆ ಒಂದೇ ದೂರು. ಇಷ್ಟು ದೊಡ್ಡ ವಿಂಚ್ ಪೂರ್ತಿ ಭಾರ ಎಳೆಯುವಾಗ 400 ಆಂಪಿಯರ್ ದಾಟುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಗಾಡಿಯ ಆಲ್ಟರ್ನೇಟರ್ ಕೊಡುವುದು ಅದರ ಕಾಲು ಭಾಗವೂ ಅಲ್ಲ, ಉಳಿದದ್ದು ಬ್ಯಾಟರಿಯಿಂದ. ಅದಕ್ಕೇ ಎಂಜಿನ್ ಓಡುತ್ತಿರಬೇಕು, ಮಧ್ಯೆ ಮಧ್ಯೆ ನಿಲ್ಲಿಸಿ ಮೋಟರಿಗೆ ಉಸಿರಾಡಲು ಬಿಡಬೇಕು. ಬೆರಳು ದಪ್ಪದ ಆ ಕೇಬಲ್ ಬಂಪರಿನ ಒಂದು ತೂತಿನ ಮೂಲಕ ಬರುತ್ತದೆ. ತೂತಿನ ಅಂಚು ಬ್ಲೇಡಿನಷ್ಟು ಹರಿತ. ರಬ್ಬರ್ ಬುಷ್ ಕೊಟ್ಟಿಲ್ಲ! ನನ್ನ ವಿಂಚಿನ ಲೈನಿಗೆ ಫ್ಯೂಸ್ ಇಲ್ಲ. ಕೇಬಲ್ ಸವೆದು ಬಂಪರಿಗೆ ತಾಗಿತೋ, ಬೆಂಕಿಯೇ. ಬುಷ್ ನಾವೇ ತಂದು ಹಾಕಿದೆವು, ಬ್ಯಾಟರಿ ಪಕ್ಕ ಕರೆಂಟನ್ನು ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ ಕೂರಿಸಿದೆವು. ವಿಂಚ್ ಬಳಸದ ಹೊತ್ತಿನಲ್ಲಿ ಅದು ಯಾವಾಗಲೂ ಆಫ್.

ಕಿಟ್ಟಿನ ಜೊತೆ, ಹಗ್ಗ ಹೊರಬರುವ ಬಾಯಿಗೆ ಬಿಗಿಯುವ ರೋಲರ್ ಫೇರ್‌ಲೀಡ್ ಕೊಟ್ಟಿದ್ದರು. ಅದು ಉಕ್ಕಿನ ಹಗ್ಗಕ್ಕೆ ಸರಿ. ಸಿಂಥೆಟಿಕ್ ಹಗ್ಗಕ್ಕೆ ನುಣುಪಾದ ಅಲ್ಯೂಮಿನಿಯಂ ಫೇರ್‌ಲೀಡ್ ಬೇಕು. ಬೋಲ್ಟ್‌ಗಳ ನಡುವಿನ ಅಂತರ ಎರಡಕ್ಕೂ 10 ಇಂಚೇ, ಹಾಗಾಗಿ ಬದಲಾಯಿಸಲು ಐದು ನಿಮಿಷ.

ಇನ್ನೊಂದು ವಿಷಯ, ಬೇಸರದ್ದಾದರೂ ಹೇಳಲೇಬೇಕು. ಡಿಕ್ಕಿಯಾದಾಗ ಮೂಲ ಬಂಪರಿನ ಹಿಂದಿನ ಭಾಗ ಮಡಚಿಕೊಂಡು ಪೆಟ್ಟನ್ನು ಸ್ವಲ್ಪ ನುಂಗುತ್ತದೆ. ಏರ್‌ಬ್ಯಾಗ್ ಯಾವ ಕ್ಷಣಕ್ಕೆ ಬಿಚ್ಚಬೇಕು ಎಂಬುದನ್ನು ಅದನ್ನೂ ಸೇರಿಸಿ ನಿಗದಿ ಮಾಡಿರುತ್ತಾರೆ. ಗಟ್ಟಿ ಉಕ್ಕನ್ನು ನೇರವಾಗಿ ಚಾಸಿಗೆ ಬಿಗಿದರೆ ಆ ಲೆಕ್ಕ ತಪ್ಪಬಹುದು. ನನ್ನ ಬಂಪರಿನ ಬ್ರಾಕೆಟ್ಟಿನಲ್ಲಿ ಮಡಚಿಕೊಳ್ಳಲೆಂದೇ ಸೀಳು ಬಿಟ್ಟಿದ್ದಾರೆ. ನನ್ನ ಮಾದರಿಯ ಗಾಡಿಯ ಏರ್‌ಬ್ಯಾಗಿಗೆ ಹೊಂದುತ್ತದೆ ಎಂದು ಬರೆದು ಕೊಟ್ಟಿದ್ದಾರೆ. ಬರೆದು ಕೊಡದವರ ಹತ್ತಿರ ಕೊಳ್ಳಬೇಡಿ. ನಡೆದು ಹೋಗುವವರಿಗೆ ಇಂಥ ಬಂಪರ್ ತಾಗಿದರೆ ಪೆಟ್ಟು ಜೋರು, ಅದರಿಂದಲೇ ಎಷ್ಟೋ ಕಡೆ ರಸ್ತೆಯಲ್ಲಿ ಇದಕ್ಕೆ ಕಟ್ಟುಪಾಡು ಇದೆ. ಮೊದಲು ನಿಯಮ ನೋಡಿಕೊಳ್ಳಿ, ವಿಮೆಯವರಿಗೂ ತಿಳಿಸಿ.

ಜೋಡಿಸಿದ ಮೇಲೆ ಹೊಸ ಹಗ್ಗವನ್ನು ಒಮ್ಮೆ ಪೂರ್ತಿ ಬಿಚ್ಚಿ ಭಾರದ ಮೇಲೆ ಸುತ್ತಬೇಕು. ಇಲ್ಲದಿದ್ದರೆ ಮೇಲಿನ ಪದರ ಕೆಳಗಿನ ಸಡಿಲ ಪದರದೊಳಗೆ ಕಚ್ಚಿಕೊಳ್ಳುತ್ತದೆ. ಡ್ರಮ್ಮಿನ ಮೇಲೆ 10 ಸುತ್ತು ಬಿಟ್ಟು, ಸಣ್ಣ ಏರಿನಲ್ಲಿ ಗಾಡಿಯನ್ನೇ ಎಳೆಸಿ ಸುತ್ತಿದೆವು. ಮಾವ ಸ್ಟೇರಿಂಗ್ ಹಿಡಿದಿದ್ದರು, ನಾನು ರಿಮೋಟ್.

ನಿಜವಾದ ಪರೀಕ್ಷೆ ಮೂರನೇ ತಿಂಗಳು ಬಂತು. ಹಳ್ಳದ ದಡದ ಹುದುಲಿನಲ್ಲಿ ನಾಲ್ಕೂ ಚಕ್ರ ಹೂತು ಗಾಡಿಯ ಹೊಟ್ಟೆ ನೆಲಕ್ಕೆ ಕೂತಿತು. ಗಟ್ಟಿಮುಟ್ಟಾದ ಮರ 20 ಮೀಟರ್ ದೂರದಲ್ಲಿತ್ತು. ದೂರ ಇದ್ದದ್ದೇ ಒಳ್ಳೆಯದಾಯಿತು. ವಿಂಚಿನ ಪೂರ್ತಿ ಬಲ ಸಿಗುವುದು ಡ್ರಮ್ಮಿನ ಮೇಲೆ ಒಂದೇ ಪದರ ಹಗ್ಗ ಉಳಿದಾಗ. ಪ್ರತಿ ಪದರ ಹೆಚ್ಚಿದಂತೆ ಬಲದ ಹತ್ತರಲ್ಲೊಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ನಂಬರ್ ಪ್ಲೇಟ್ ಫೇರ್‌ಲೀಡಿನ ಮುಂದೆಯೇ ಇದೆ, ಅದಕ್ಕೆ ತಿರುಗಣಿ ಇಟ್ಟಿದ್ದಾರೆ, ಮೇಲೆತ್ತಿದೆ. ಕಿಟಕಿಯಲ್ಲಿ ಕೈ ಹಾಕಿದೆ, ಹಿಡಿ ಒಂದೇ ತಿರುವಿಗೆ ಬಿಟ್ಟಿತು. ಮರಕ್ಕೆ ಅಗಲದ ಪಟ್ಟಿ ಸುತ್ತಿ, ಶ್ಯಾಕಲ್ ಎಂಬ ಪಿನ್ ಇರುವ ಉಕ್ಕಿನ ಕೊಂಡಿ ಹಾಕಿ, ಹಗ್ಗದ ಮೇಲೆ ಒದ್ದೆ ಗೋಣಿ ಹೊದಿಸಿ ಎಳೆದೆ. ಮೂರು ಕಂತಿನಲ್ಲಿ ಗಾಡಿ ಮೇಲೆ ಬಂತು. ಬಂಪರ್ ಒಂದು ಕೂದಲಿನಷ್ಟೂ ಅಲುಗಲಿಲ್ಲ. ಮನೆಗೆ ಬಂದು ಮಾವ ಎಲ್ಲ ಬೋಲ್ಟ್‌ಗಳಿಗೆ ಮತ್ತೆ ಟಾರ್ಕ್ ರೆಂಚ್ ಹಿಡಿದರು. ಅರೆದ ತೂತಿನ ಬೋಲ್ಟ್ ಕೂಡ ಹಾಗೇ ಇತ್ತು. ಅವರ ಮುಖ ನೋಡಬೇಕಿತ್ತು!

ಶ್ಯಾಕಲ್ ಹಾಕುವ ಕಿವಿಗಳ ಬಗ್ಗೆ ಹೊಗಳಲೇಬೇಕು. ಮುಂದಿನ ಪ್ಲೇಟಿಗೆ ಸುಮ್ನೆ ಅಂಟಿಸಿಲ್ಲ, ಪ್ಲೇಟನ್ನು ಸೀಳಿ ಒಳಗೆ ಹಾಯಿಸಿ ಚಾಸಿ ಬ್ರಾಕೆಟ್ಟಿಗೇ ಬೆಸೆದಿದ್ದಾರೆ. 4.75 ಟನ್ ಶ್ಯಾಕಲ್ಲಿನ 22 ಮಿಲಿಮೀಟರ್ ಪಿನ್ ಸರಾಗವಾಗಿ ಕೂರುತ್ತದೆ. ಬೆಸುಗೆ ಒಳಗೂ ಹೊರಗೂ ಒಂದೇ ಸಮ. ಅಗ್ಗದ ಬಂಪರ್‌ಗಳು ಕೈಕೊಡುವುದು ಇಲ್ಲೇ. ಹಳೆಯ ಬಂಪರಿನ ಗಲ್ಲ ಪ್ರತಿ ದಿಬ್ಬಕ್ಕೂ ಉಜ್ಜುತ್ತಿತ್ತು, ಇದರ ಎರಡೂ ತುದಿ ಮೇಲಕ್ಕೆ ಕೊರೆದಿರುವುದರಿಂದ ಚಕ್ರವೇ ಮೊದಲು ದಿಬ್ಬ ಮುಟ್ಟುತ್ತದೆ.

ಇನ್ನೊಮ್ಮೆ ಕೊಳ್ಳುತ್ತೀಯಾ ಎಂದು ಕೇಳಿದರೆ, ಹೌದು, ಇದನ್ನೇ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಉಕ್ಕಿಗೆ ಪೂರ್ತಿ ಅಂಕ, ಕಾಗದಕ್ಕೆ ಸೊನ್ನೆ.

ಬಣ್ಣಕ್ಕೆ ಮಾತ್ರ ಏನು ಕೊಡಬೇಕೋ ಗೊತ್ತಾಗುತ್ತಿಲ್ಲ. ಶ್ಯಾಕಲ್ ಅಲುಗಾಡಿ ಕಿವಿಗಳ ಸುತ್ತ ಪೌಡರ್ ಕೋಟಿಂಗ್ ಎದ್ದುಹೋಗಿ ತುಕ್ಕು ಹಿಡಿಯತೊಡಗಿತು. ಕಂಪನಿಗೆ ಬರೆದೆ. ಪಾಪ, ಒಂದೇ ವಾರದಲ್ಲಿ ಸಣ್ಣ ಡಬ್ಬಿ ಬಣ್ಣ ಕಳಿಸಿದರು. ಬಂಪರ್ ಮಂಕು ಕಪ್ಪು, ಡಬ್ಬಿಯಲ್ಲಿದ್ದದ್ದು ಮಿರಮಿರ ಮಿಂಚುವ ಕಪ್ಪು. ಬಳಿದಿದ್ದೇನೆ. ಎರಡು ಕಿವಿಗೂ ಕಾಡಿಗೆ ಹಚ್ಚಿದ ಹಾಗೆ ಕಾಣುತ್ತದೆ.