ಯೀವು ಎರಡು, ಬುಲಾಂಗ್ ಒಂದು: ಮೂರು ಹಳೆ ಪುಅರ್ ಕುಡಿದು ನೋಡಿದ್ದು

ಪುಅರ್ ಅಂದರೆ ಚೀನಾದ ಯುನ್ನಾನ್ ಪ್ರಾಂತ್ಯದ, ಬಿಲ್ಲೆಯಾಗಿ ಒತ್ತಿ ವರ್ಷಗಟ್ಟಲೆ ಮಾಗಿಸುವ ಚಹಾ. ನನ್ನಲ್ಲಿದ್ದದ್ದು ಮೂರು ಬಿಲ್ಲೆ, ಒಂದೊಂದೂ 357 ಗ್ರಾಮಿನದ್ದು. ಮೂರೂ 2006ರ ವಸಂತದ ಕೊಯ್ಲು, ಮೂರೂ ಹಳೆ ಮರಗಳ ಎಲೆ ಎಂದು ಹೊದಿಕೆಯ ಕಾಗದ ಹೇಳುತ್ತದೆ. ಮೂರೂ ಶೆಂಗ್, ಅಂದರೆ ಹಸಿ ಪುಅರ್. ರಾಶಿ ಹಾಕಿ, ನೀರು ಚಿಮುಕಿಸಿ, ಕೆಲವೇ ವಾರಗಳಲ್ಲಿ ಕಪ್ಪಗೆ ಮಾಡುವ ಶೌ ಬೇರೆ. ಆ ಉಪಾಯ ಯುನ್ನಾನ್‌ನ ರಾಜಧಾನಿ ಕುನ್‌ಮಿಂಗ್‌ನ ಕಾರ್ಖಾನೆಯಲ್ಲಿ ಕುದುರಿದ್ದೇ 1973ರಲ್ಲಿ. ಶೆಂಗ್‌ನದ್ದು ಹಳೆ ದಾರಿ. ಎಲೆಯನ್ನು ಬಾಣಲೆಯಲ್ಲಿ ಬಾಡಿಸಿ, ಹೊಸೆದು, ಬಿಸಿಲಿಗೆ ಒಣಗಿಸಿ, ಹಬೆ ಕೊಟ್ಟು ಕಲ್ಲಿನಡಿ ಒತ್ತುತ್ತಾರೆ. ಆಮೇಲೆ ಕಾಯುವುದು.

ದಕ್ಷಿಣ ಚೀನಾದ ಗುವಾಂಗ್‌ಝೌನಲ್ಲಿ ಕೆಲಸಕ್ಕಿದ್ದಾಗ ಭಾನುವಾರಗಳೆಲ್ಲ ಫಾಂಗ್‌ಚುನ್ ಚಹಾ ಮಾರುಕಟ್ಟೆಯಲ್ಲೇ ಕಳೆದವು. ಅಲ್ಲಿ ಯಾವ ಅಂಗಡಿಯಲ್ಲಿ ಕೂತರೂ ಮೊದಲು ಬರುವುದು ಬೆಟ್ಟದ ಮಾತು. ಬಾನ್‌ಜಾಂಗ್ ರಾಜನಂತೆ, ಯೀವು ರಾಣಿಯಂತೆ. ಎರಡೂ ಯುನ್ನಾನ್‌ನ ಶಿಶುವಾಂಗ್‌ಬನ್ನಾದಲ್ಲಿವೆ. ಲಾನ್‌ಸಾಂಗ್ ನದಿಯ (ಕೆಳಗೆ ಹೋಗಿ ಮೆಕಾಂಗ್ ಆಗುವುದೂ ಇದೇ) ಪೂರ್ವಕ್ಕೆ ಯೀವು, ಪಶ್ಚಿಮಕ್ಕೆ ಬುಲಾಂಗ್ ಬೆಟ್ಟಗಳು; ಬಾನ್‌ಜಾಂಗ್ ಇರುವುದು ಆ ಬೆಟ್ಟಗಳಲ್ಲೇ. ಬೆಟ್ಟ ಗೊತ್ತಾದರೆ ಚಹಾ ಗೊತ್ತಾದ ಹಾಗೆ ಎಂದು ನಾನೂ ನಂಬಿದ್ದೆ.

ಹಾಗಾಗಿ ಬೇಕೆಂದೇ ಹೀಗೆ ಆರಿಸಿಕೊಂಡೆ: ಕುನ್‌ಮಿಂಗ್‌ನಲ್ಲಿ ಇಟ್ಟ ಯೀವು, ಗುವಾಂಗ್‌ಝೌನಲ್ಲಿ ಇಟ್ಟ ಯೀವು, ಗುವಾಂಗ್‌ಝೌನಲ್ಲೇ ಇಟ್ಟ ಬುಲಾಂಗ್. 110 ಮಿ.ಲೀ. ಗೈವಾನ್‌ಗಳು (ಮುಚ್ಚಳವಿರುವ ಬಟ್ಟಲು) ಮೂರು, ಪ್ರತಿಯೊಂದಕ್ಕೂ 7 ಗ್ರಾಂ ಎಲೆ, ಕೊತಕೊತ ಕುದಿಯುವ ನೀರು. ಮೊದಲ ನೀರು ಎಲೆ ತೊಳೆಯುವುದಕ್ಕೆ, ಅದನ್ನು ಚೆಲ್ಲಿಬಿಡಬೇಕು. ಆಮೇಲೆ ಎಂಟು ಹತ್ತು ಸೆಕೆಂಡಿಗೆ ಬಗ್ಗಿಸಿಕೊಳ್ಳುವುದು. ಬಿಲ್ಲೆಯ ಅಂಚಿಗೆ ಸೂಜಿ ಚುಚ್ಚಿ ಪದರ ಪದರವಾಗಿ ಎಬ್ಬಿಸಬೇಕು, ಕೈಯಲ್ಲಿ ಮುರಿದರೆ ಎಲೆ ಪುಡಿಯಾಗಿ ಚಹಾ ಕಷಾಯವಾಗುತ್ತದೆ.

ಕುನ್‌ಮಿಂಗ್‌ನ ಯೀವು ಲೋಟದಲ್ಲಿ ಜೇನಿನ ಬಣ್ಣ. ಇಷ್ಟು ವರ್ಷ ಆದಮೇಲೂ ಒಗರು ಬಿಟ್ಟಿಲ್ಲ, ನಾಲಿಗೆಯ ಎರಡೂ ಬದಿ ಹಿಡಿದುಕೊಳ್ಳುತ್ತದೆ. ಆದರೆ ನುಂಗಿ ಅರೆ ನಿಮಿಷ ಸುಮ್ಮನಿರಿ, ಗಂಟಲಿನಿಂದ ಸಿಹಿ ಮೇಲಕ್ಕೆ ಬರುತ್ತದೆ. ಚೀನೀಯರು ಹ್ವೇಗಾನ್ ಅನ್ನುವುದು ಇದಕ್ಕೇ. ನೆಲ್ಲಿಕಾಯಿ ಕಚ್ಚಿ ನೀರು ಕುಡಿದವರಿಗೆ ಬೇರೆ ವಿವರಣೆ ಬೇಡ.

ಗುವಾಂಗ್‌ಝೌ ಯೀವು ಅದೇ ಬೆಟ್ಟದ್ದು ಅಂದರೆ ನಂಬುವುದು ಕಷ್ಟ. ಬಣ್ಣ ಹೆಂಚಿನದ್ದು. ಮೊದಲೆರಡು ಸಲ ಅಜ್ಜಿಯ ಮರದ ಪೆಟ್ಟಿಗೆ ತೆರೆದಂಥ ವಾಸನೆ, ಅದು ನನಗೆ ಅಷ್ಟು ಇಷ್ಟವಿಲ್ಲ. ಮೂರನೆಯದರಿಂದ ಕರ್ಪೂರ ಶುರು. ಹೆಂಡತಿಗೆ ಏನೂ ಹೇಳದೆ ಲೋಟ ಕೊಟ್ಟೆ, ಅವಳೂ ಕರ್ಪೂರ ಅಂದಳು. ಒಗರು ಪೂರ್ತಿ ಮಾಯ, ಗಂಜಿಯ ತಿಳಿಯಂತೆ ಮೆತ್ತಗೆ ಇಳಿಯುತ್ತದೆ.

ಬುಲಾಂಗ್‌ನದ್ದು ಬಣ್ಣದಲ್ಲಿ ಅದರ ಜೋಡಿಯೇ. ಎಳೆಯ ಬುಲಾಂಗ್ ಚಹಾದ ಕಹಿ ಹಾಗಲಕಾಯಿಯದ್ದು, ಇಲ್ಲಿ ಅದರ ನೆರಳಷ್ಟೇ ಉಳಿದಿದೆ. ಕಣ್ಣು ಮುಚ್ಚಿ ಕುಡಿದಾಗ ಎರಡನೆಯದು, ಮೂರನೆಯದು ಯಾವುದೆಂದು ಎರಡು ಸಲ ತಪ್ಪು ಹೇಳಿದೆ. ಮೊದಲನೆಯದನ್ನು ಒಮ್ಮೆಯೂ ತಪ್ಪಲಿಲ್ಲ. ಒಂದೇ ಬೆಟ್ಟದ ಎರಡಕ್ಕಿಂತ ಒಂದೇ ಊರಿನ ಗೋದಾಮಿನಲ್ಲಿ ಕೂತ ಎರಡು ಹತ್ತಿರವಾಗಿದ್ದವು. ಕುನ್‌ಮಿಂಗ್ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ, ತಂಪು, ಒಣ ಹವೆ. ಎಲೆ ನಿಧಾನಕ್ಕೆ ಮಾಗುತ್ತದೆ, ಪರಿಮಳ ಉಳಿಯುತ್ತದೆ. ಗುವಾಂಗ್‌ಝೌನಲ್ಲಿ ಮಾರ್ಚ್ ಹೊತ್ತಿಗೆ ಗೋಡೆಗಳೇ ಬೆವರುತ್ತವೆ. ಪುತ್ತೂರು ಕಡೆಯ ಅಡಿಕೆ ಮನೆಯವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಸ ಚಾಲಿಗೂ (ಸಿಪ್ಪೆ ಸಮೇತ ಒಣಗಿಸಿ ಸುಲಿದ ಅಡಿಕೆ) ಹಳೆ ಚಾಲಿಗೂ ರೇಟು ಬೇರೆ, ಆದರೆ ಹಳತಾಗುವಷ್ಟು ದಿನ ಅದನ್ನು ಎಲ್ಲಿಟ್ಟಿದ್ದೆವು ಎನ್ನುವುದಲ್ಲವೇ ಲೆಕ್ಕ!

ಹಾಗಾದರೆ ಹಳೆ ಮರಕ್ಕೆ ಬೆಲೆ ಇಲ್ಲವೇ? ಇದೆ, ಅದು ಕೊನೆಗೆ ಗೊತ್ತಾಗುತ್ತದೆ. ಎರಡೂ ಯೀವು ಹದಿನಾಲ್ಕನೆಯ ನೀರಿಗೂ ಸಿಹಿ ಕೊಟ್ಟವು. ಬುಲಾಂಗ್ ಏಳಕ್ಕೇ ಸಪ್ಪೆ. ಅದನ್ನು ಮಾರಿದ ಅಂಗಡಿಯವರು ಲಾವೋ (ಹಳೆ) ಬಾನ್‌ಜಾಂಗ್‌ನ ನೂರಾರು ವರ್ಷದ ಮರ ಎಂದು ಆಣೆ ಹಾಕಿದ್ದರು, ನಾನು ಯೀವುವಿನ ಎರಡರಷ್ಟು ದುಡ್ಡು ಕೊಟ್ಟಿದ್ದೆ. ತೋಟದ ಸಾಲುಗಿಡದ ಎಲೆ ಇರಬೇಕು ಎಂದು ಈಗಿನ ಅನುಮಾನ. ಹೊದಿಕೆಯ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು.

ಚೀನಾದ ಯಿಶಿಂಗ್ ಊರಿನ ಮಣ್ಣಿನ ಪುಟ್ಟ ಕುಡಿಕೆಯಲ್ಲೂ ಮಾಡಿ ನೋಡಿದೆ. ಪೆಟ್ಟಿಗೆ ವಾಸನೆಯನ್ನು ಅದು ಚೆನ್ನಾಗಿ ಅಡಗಿಸುತ್ತದೆ, ಕುನ್‌ಮಿಂಗ್‌ನದ್ದರ ಪರಿಮಳವನ್ನೂ ಅಡಗಿಸಿತು. ಒಣ ಗೋದಾಮಿನದಕ್ಕೆ ಗೈವಾನ್, ತೇವದ್ದಕ್ಕೆ ಮಣ್ಣು. ನೀರಿನ ವಿಷಯದಲ್ಲಿ ರಾಜಿ ಇಲ್ಲ. ಬೆಂಗಳೂರಿನ ನಮ್ಮ ಬೋರ್‌ವೆಲ್ ನೀರಿನಲ್ಲಿ ಮೂರೂ ಒಂದೇ ರುಚಿ, ಮೇಲೆ ಎಣ್ಣೆಯಂಥ ಪೊರೆ ಬೇರೆ. ಊರಿನ ಮುರಕಲ್ಲಿನ ಬಾವಿಯ ನೀರಿನಲ್ಲಿ ಮೂರೂ ಬಾಯಿ ಬಿಟ್ಟವು. ಅಮ್ಮ ಒಂದು ಗುಟುಕು ಕುಡಿದು, "ಎಂಥ ಕಷಾಯ ಮಾರಾಯ, ಒಂದು ತುಂಡು ಬೆಲ್ಲ ಆದ್ರೂ ಹಾಕು" ಅಂದರು.

ಆ ನೀರಿನ ಆಸೆಗೆ ಬುಲಾಂಗ್‌ನ ಅರ್ಧ ಬಿಲ್ಲೆಯನ್ನು ಊರಲ್ಲೇ ಅಟ್ಟದ ಮೇಲಿಟ್ಟು ಬಂದಿದ್ದೆ. ಮಳೆಗಾಲದ ಆಟಿ ತಿಂಗಳು ಕಳೆದು ಹೋಗಿ ನೋಡಿದರೆ ಹಳದಿ ಬೂಷ್ಟು. ಬಾಳೆಬುಡಕ್ಕೆ ಹಾಕಿದೆ. ಕುನ್‌ಮಿಂಗ್ ಯೀವುವಿನ ಉಳಿದ ಮುಕ್ಕಾಲು ಬೆಂಗಳೂರಿನಲ್ಲೇ ಮಣ್ಣಿನ ಭರಣಿಯಲ್ಲಿದೆ, ಒಗರು ಇಳಿಯಲಿ ಎಂದು. ಸಂಜೆ ಮಳೆ ಬಂದರೆ ನಾನು ಕೈಹಾಕುವುದು ಗುವಾಂಗ್‌ಝೌ ಯೀವುಗೆ. ಅದೀಗ ಅಂಗೈಯಗಲ ಉಳಿದಿದೆ.