ಆರು ಮಳೆಗಾಲ ಕಂಡ ನಮ್ಮ ಮೈಕ್ರೋಟೋಮ್

ಮುಂಬಯಿಯ ಪರೇಲ್‌ನ ಒಂದು ವೈದ್ಯಕೀಯ ಸಂಶೋಧನಾ ಲ್ಯಾಬಿನಲ್ಲಿ ನಾನು ಹಿಸ್ಟಾಲಜಿ ಟೆಕ್ನಿಷಿಯನ್, ಅಂದರೆ ಅಂಗಾಂಶದ ತುಂಡುಗಳನ್ನು ಸೂಕ್ಷ್ಮದರ್ಶಕದ ಸ್ಲೈಡ್ ಮಾಡುವವಳು. ಊರು ವಿಜಯಪುರ, ಮನೆ ಡೊಂಬಿವಲಿ. ಅಂಗಾಂಶವನ್ನು ತೀರಾ ತೆಳ್ಳಗೆ ಕತ್ತರಿಸುವ ಯಂತ್ರವೇ ಮೈಕ್ರೋಟೋಮ್. 2019ರ ಜೂನ್‌ನಲ್ಲಿ ಬಂದ ಈ ರೋಟರಿ ಮೈಕ್ರೋಟೋಮಿನ ಚಕ್ರವನ್ನು, ಲಾಕ್‌ಡೌನ್ ಬಿಟ್ಟರೆ, ಹೆಚ್ಚುಕಡಿಮೆ ದಿನಾ ತಿರುಗಿಸಿದ್ದೇನೆ. ಕಂಪನಿಯ ಹೆಸರು ಬೇಡ, ಸರ್ವೀಸಿನವರ ಮುಖ ನೋಡುವುದು ಇನ್ನೂ ಇದೆ.

ಚಕ್ರ ಹಗುರ. ದಿನಕ್ಕೆ ಮೂವತ್ತು ನಲವತ್ತು ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಂಡು) ಕತ್ತರಿಸಿದರೂ ಭುಜ ಹಿಡಿಯುವುದಿಲ್ಲ. ಹಳೆಯ ಯಂತ್ರದ ಕಾಲದಲ್ಲಿ ಸಂಜೆ ಲೋಕಲ್‌ನ ಹಿಡಿಕೆಗೆ ಕೈ ಎತ್ತುವುದೇ ಕಷ್ಟವಾಗುತ್ತಿತ್ತು. ಬ್ಲಾಕ್ ಮೇಲೆ ಹೋಗುವಾಗ ಕೂದಲೆಳೆಯಷ್ಟು ಹಿಂದೆ ಸರಿಯುವುದರಿಂದ ಬ್ಲೇಡಿಗೆ ಉಜ್ಜುವುದಿಲ್ಲ. ಇಲಿಯ ಕಿಡ್ನಿಯನ್ನು 3 ಮೈಕ್ರಾನ್‌ಗೆ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು) ಇಟ್ಟರೂ ಸೆಕ್ಷನ್‌ಗಳು, ಅಂದರೆ ಕತ್ತರಿಸಿದ ಪದರಗಳು, ಒಂದಕ್ಕೊಂದು ಅಂಟಿ ರಿಬ್ಬನ್ ನೇರವಾಗಿ ಇಳಿಯುತ್ತದೆ.

ಯಂತ್ರವನ್ನು ಬೈಯುವ ಮೊದಲು ಬ್ಲಾಕ್ ನೋಡಬೇಕು ಎನ್ನುವುದು ನನಗೆ ಗೊತ್ತಿದೆ. ತುಂಡು ಕೆಡದಂತೆ ಕಾಯುವ ಫಾರ್ಮಲಿನ್ ಅದರ ಹತ್ತು ಪಟ್ಟು ಇಲ್ಲದಿದ್ದರೆ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಆಮೇಲೆ ಆಲ್ಕೊಹಾಲ್ ತುಂಡಿನ ನೀರು ತೆಗೆಯಬೇಕು, ಝೈಲೀನ್ ಮೇಣಕ್ಕೆ ದಾರಿ ಮಾಡಬೇಕು. ಮಳೆಗಾಲದಲ್ಲಿ ಮುಂಬಯಿಯ ಗಾಳಿಯೇ ಅರ್ಧ ನೀರು. ಮುಚ್ಚಳ ಸಡಿಲವಿದ್ದರೆ ನೀರಿಲ್ಲದ ‘ಅಬ್ಸೊಲ್ಯೂಟ್’ ಆಲ್ಕೊಹಾಲ್ ಹೆಸರಿಗಷ್ಟೇ ಅಬ್ಸೊಲ್ಯೂಟ್. ಆ ನೀರು ತುಂಡಿನ ಜೊತೆ ಝೈಲೀನಿಗೆ ಹೋದರೆ ಝೈಲೀನ್ ಮಜ್ಜಿಗೆ ನೀರಿನಂತೆ ಬೆಳ್ಳಗಾಗುತ್ತದೆ. ಅಂಥ ತುಂಡಿನೊಳಗೆ ಮೇಣ ಇಳಿಯುವುದಿಲ್ಲ, ಎಷ್ಟು ಒಳ್ಳೆಯ ಮೈಕ್ರೋಟೋಮ್ ಆದರೂ ಅದನ್ನು ಕತ್ತರಿಸಲಾರದು.

ಇಷ್ಟು ತಿಳಿದೂ ನಾಲ್ಕನೇ ವರ್ಷ ಮೂರು ತಿಂಗಳು ಮೋಸ ಹೋದೆ.

ಆಗಷ್ಟೇ ಲ್ಯಾಬಿಗೆ ಇಡೀ ಸ್ಲೈಡಿನ ಚಿತ್ರವನ್ನು ಕಂಪ್ಯೂಟರಿಗೆ ತರುವ ಸ್ಲೈಡ್ ಸ್ಕ್ಯಾನರ್ ಬಂದಿತ್ತು. ಸೂಕ್ಷ್ಮದರ್ಶಕದ ಕೆಳಗೆ ಚೆಂದ ಕಂಡ ಸ್ಲೈಡ್‌ಗಳೇ ಸ್ಕ್ರೀನಿನಲ್ಲಿ ಪಟ್ಟೆಪಟ್ಟೆ, ಬಾಚಣಿಗೆ ಎಳೆದ ಹಾಗೆ. ಒಂದು ಪಟ್ಟೆ ಗಾಢ ನೀಲಿ, ಪಕ್ಕದ್ದು ತೆಳು. ಮೊದಲು ಬಣ್ಣದ ಮೇಲೆ ಅನುಮಾನ. ನ್ಯೂಕ್ಲಿಯಸ್‌ಗೆ ಹಿಡಿಯುವ ಹೆಮಟಾಕ್ಸಿಲಿನ್ ಬಣ್ಣ ನೀಲಿಗೆ ತಿರುಗಲು ನೀರಿನಲ್ಲಿ ಸ್ವಲ್ಪ ಕ್ಷಾರ ಬೇಕು. ನಮ್ಮೂರ ಬೋರ್ ನೀರಾಗಿದ್ದರೆ ಚಿಂತೆಯಿರಲಿಲ್ಲ, ಇಲ್ಲಿ ನಲ್ಲಿ ನೀರಿಗೆ ಸೋಡಿಯಂ ಬೈಕಾರ್ಬೊನೇಟ್ ಹಾಕಿದೆವು. ಪಟ್ಟೆ ಹೋಗಲಿಲ್ಲ. ಬ್ಲೇಡಿನ ಡಬ್ಬಿ ಬದಲಾಯಿಸಿದೆ, ಬ್ಲಾಕ್‌ಗಳನ್ನು ಇನ್ನೂ ಹೊತ್ತು ಐಸಿನ ಮೇಲಿಟ್ಟೆ, ಕೊನೆಗೆ ಕೈಕೆಳಗಿನ ಉಡುಪಿ ಹುಡುಗನ ಮೇಲೂ ರೇಗಿದೆ. ‘ಅಕ್ಕಾ, ನಾನು ಮೆಲ್ಲಗೇ ತಿರುಗಿಸ್ತಾ ಇದ್ದೇನೆ’ ಅಂದ ಪಾಪ. ಅವನ ಮಾತು ನಿಜವಿತ್ತು.

ಸವೆದದ್ದು ಬ್ಲೇಡ್ ಹೋಲ್ಡರಿನ ಕ್ಲ್ಯಾಂಪ್. ಲಿವರ್ ಪೂರ್ತಿ ಬಿಗಿದ ಮೇಲೂ ಬ್ರಶ್ಶಿನ ಹಿಡಿಯಿಂದ ಒತ್ತಿದರೆ ಬ್ಲೇಡು ಅಲುಗುತ್ತಿತ್ತು. ಅಲುಗುವ ಬ್ಲೇಡು ಒಂದೇ ಸೆಕ್ಷನ್ನಿನಲ್ಲಿ ದಪ್ಪ, ತೆಳು, ದಪ್ಪ, ತೆಳು ಕತ್ತರಿಸುತ್ತದೆ, ದಪ್ಪವಿದ್ದಲ್ಲಿ ಬಣ್ಣ ಹೆಚ್ಚು ಕೂರುತ್ತದೆ.

ಇದು ಮೊದಲೇ ಕಣ್ಣಿಗೆ ಬೀಳದಿರಲು ಕಾರಣ, ನೋಡುವಾಗ ನಮ್ಮ ಬೆರಳು ಸದಾ ಫೋಕಸ್ ತಿರುಪಿನ ಮೇಲೇ ಇರುತ್ತದೆ. ಮಸುಕಾದ ಕಡೆ ಗೊತ್ತಿಲ್ಲದೇ ತಿರುಗಿಸಿ ಸರಿಮಾಡಿಕೊಳ್ಳುತ್ತೇವೆ. ನಮ್ಮ ಸ್ಕ್ಯಾನರ್ ಅಲ್ಲಲ್ಲಿ ಕೆಲವು ಬಿಂದುಗಳಲ್ಲಿ ಫೋಕಸ್ ಹಿಡಿದು ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳುತ್ತದೆ. 40ಎಕ್ಸ್‌ನಲ್ಲಿ ಒಂದು ಪಿಕ್ಸೆಲ್ ಅಂದರೆ 0.25 ಮೈಕ್ರಾನ್, 15 ಮಿಲಿಮೀಟರ್ ಉದ್ದಗಲದ ಸೆಕ್ಷನ್ನಿಗೆ 360 ಕೋಟಿ ಪಿಕ್ಸೆಲ್. ಒಂದು ಮಡಿಕೆಯ ಮೇಲೆ ಫೋಕಸ್ ಕೂತರೆ ಸುತ್ತಲಿನ ಜೀವಕೋಶಗಳೆಲ್ಲ ಮಂಜು. ನ್ಯೂಕ್ಲಿಯಸ್ ಎಣಿಸುವ ಸಾಫ್ಟ್‌ವೇರಂತೂ ದಪ್ಪ ಪಟ್ಟೆಯಲ್ಲಿ ಒಂದರ ಮೇಲೊಂದು ಬಿದ್ದ ಎರಡನ್ನು ಒಂದೆಂದು ಎಣಿಸಿ ಕೈತೊಳೆದುಕೊಳ್ಳುತ್ತದೆ. ಆ ಮೂರು ತಿಂಗಳ ಸ್ಲೈಡ್‌ಗಳನ್ನು ಮತ್ತೆ ಕತ್ತರಿಸಬೇಕಾಯಿತು.

ಕ್ಲ್ಯಾಂಪ್ ಬರಲು ಏಳು ವಾರ ಹಿಡಿಯಿತು. ಜೋಡಿಸಲು ಬೇಕಾದದ್ದು ಇಪ್ಪತ್ತು ನಿಮಿಷ. ಸಿಟ್ಟು ಬಂದದ್ದು ಯಂತ್ರದ ಮೇಲಲ್ಲ. ಸದಾ ಉಜ್ಜುವ ಭಾಗ ಸವೆಯದೇ ಇರುತ್ತದೆಯೇ? ಆದರೆ ಅದನ್ನು ಊರಲ್ಲಿ ಸ್ಟಾಕ್ ಇಡದೆ ವಾರ್ಷಿಕ ಕಾಂಟ್ರಾಕ್ಟಿನ ದುಡ್ಡು ಮಾತ್ರ ಮುಂಗಡ ಕೇಳುತ್ತಾರಲ್ಲ!

ಮತ್ತೆ ಇದನ್ನೇ ಕೊಳ್ಳುತ್ತೀರಾ ಅಂದರೆ, ಹೌದು, ಒಂದು ಹೆಚ್ಚುವರಿ ಕ್ಲ್ಯಾಂಪನ್ನು ಅದೇ ಬಿಲ್ಲಿನಲ್ಲಿ ಸೇರಿಸಿ. ಡೆಮೊಗೆ ಬಂದಾಗ ಅವರು ತರುವ ಬೆಣ್ಣೆಯಂಥ ಯಕೃತ್ತಿನ ಬ್ಲಾಕಿಗೆ ಮರುಳಾಗಬೇಡಿ. ಇಡಿಟಿಎ ದ್ರಾವಣದಲ್ಲಿ ಕ್ಯಾಲ್ಸಿಯಂ ತೆಗೆದು ಮೆತ್ತಗೆ ಮಾಡಿದ ನಿಮ್ಮದೇ ಮೂಳೆಯ ಬ್ಲಾಕ್ ಕೊಟ್ಟು ಕತ್ತರಿಸಿಸಿ, ಆ ಸ್ಲೈಡನ್ನು ಸ್ಕ್ಯಾನರಿಗೆ ಹಾಕಿ ನೋಡಿ.

ಕಸದ ಟ್ರೇ ಮಾತ್ರ ತೀರಾ ಚಿಕ್ಕದು. ಮಧ್ಯಾಹ್ನದ ಹೊತ್ತಿಗೆ ತುಂಬಿ ಮೇಣದ ಸಿಪ್ಪೆ ನೆಲಕ್ಕೆ ಬೀಳುತ್ತದೆ, ಚಪ್ಪಲಿಗೆ ಹತ್ತಿ ನನ್ನ ಜೊತೆ ಡೊಂಬಿವಲಿಯವರೆಗೂ ಬರುತ್ತದೆ.